ಅಣ್ಣನಿಗೂ ಹಕ್ಕಿದೆ ಎಂದ ನ್ಯಾಯಮೂರ್ತಿ, ಮತ್ತು ಭೋಪಾಲದ ಸಹಿ

ನಮ್ಮೂರು ಯಗಟಿಯಲ್ಲಿ ಇಂಜಿನಿಯರಿಂಗ್ ಓದಿದವನಿಗೆ ಎರಡು ಕೆಲಸ ತಪ್ಪಿದ್ದಲ್ಲ. ಬೋರ್‌ವೆಲ್ ಮೋಟರ್ ಯಾಕೆ ಸುಟ್ಟಿತು ಅಂತ ಹೇಳಬೇಕು, ಯಾರಾದರೂ ಲೆಕ್ಕದ ಚೀಟಿ ತಂದರೆ ತಾಳೆ ನೋಡಿಕೊಡಬೇಕು. ನಾನು ಓದಿದ್ದು ಮೆಕ್ಯಾನಿಕಲ್, ಮಾಡೋದು ಪತ್ರಿಕೋದ್ಯಮ. ಆದರೂ ಊರಿಗೆ ಹೋದಾಗ ಈ ಎರಡರಿಂದ ಬಿಡುಗಡೆ ಇಲ್ಲ.

2018ರಲ್ಲಿ ಹಾಗೆ ಬಂದ ಒಂದು ಚೀಟಿ ನನ್ನನ್ನು ಇನ್ನೂ ಬಿಟ್ಟಿಲ್ಲ. ನಮಗೆ ದೂರದ ನೆಂಟರ ಮನೆಯದು. ಎರಡು ವರ್ಷದ ಹಿಂದೆ ಆ ಮನೆಯ ಹುಡುಗ, 24 ವರ್ಷ, ರಾತ್ರಿ ಕಡೂರಿನಿಂದ ಬೈಕಲ್ಲಿ ಬರುವಾಗ ಹಿಂದಿನಿಂದ ಬಂದ ಲಾರಿಗೆ ಸಿಕ್ಕು ಸತ್ತಿದ್ದ. ಮದುವೆ ಆಗಿರಲಿಲ್ಲ, ಅಪ್ಪ ಅಮ್ಮ ಮೊದಲೇ ಹೋಗಿದ್ದರು. ಸಾಕಿದ್ದು ಅಣ್ಣ, ಅತ್ತಿಗೆ. ಅಣ್ಣನ ತೆಂಗಿನ ತೋಟಕ್ಕೆ ನೀರು ನಿಂತುಹೋದ ಮೇಲೆ ಬಾಡಿಗೆ ಟ್ರ್ಯಾಕ್ಟರ್ ಓಡಿಸಿ ಮನೆ ನಡೆಸುತ್ತಿದ್ದವನು ಆ ಹುಡುಗನೇ. ಅಣ್ಣ ಕಡೂರಿನಲ್ಲಿ ಪರಿಹಾರದ ಅರ್ಜಿ ಹಾಕಿದರೆ ವಿಮಾ ಕಂಪನಿಯ ಕಡೆಯವರು ಎದ್ದು ನಿಂತು, ಮದುವೆಯಾದ ಅಣ್ಣನಿಗೆ ತಮ್ಮನ ಸಾವಿನಿಂದ ಏನು ನಷ್ಟ, ಇವರಿಗೆ ಕೇಳುವ ಹಕ್ಕೇ ಇಲ್ಲ ಅಂದರು. ನಮ್ಮ ಕಡೆಯ ವಕೀಲರು ಮುಂದಿಟ್ಟಿದ್ದು ಸುಪ್ರೀಂ ಕೋರ್ಟಿನ 1987ರ ಒಂದು ತೀರ್ಪು. ಆ ತೀರ್ಪಿನ ಕೆಳಗಿದ್ದ ಹೆಸರು ಇ.ಎಸ್. ವೆಂಕಟರಾಮಯ್ಯ.

ಕರ್ನಾಟಕ ಹೈಕೋರ್ಟಿನಿಂದ ಹೋಗಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಮೊದಲಿಗರು ಅವರು. ಈಗಿನ ಹುಡುಗರಿಗೆ ಅವರ ಮಗಳು ಹೆಚ್ಚು ಗೊತ್ತು. ನೋಟು ರದ್ದತಿ ತೀರ್ಪಿನಲ್ಲಿ ಒಬ್ಬರೇ ಭಿನ್ನ ನಿಲುವು ತೆಗೆದುಕೊಂಡ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಪ್ಪನ ಬಗ್ಗೆ ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಹುಟ್ಟಿದ್ದು 1924ರ ಡಿಸೆಂಬರ್ 18, ಈಗಿನ ಮಂಡ್ಯ ಜಿಲ್ಲೆಯ ಇಂಗಲಗುಪ್ಪೆ. ಹೆಸರಿನ ಮೊದಲ ಅಕ್ಷರ ಆ ಊರಿನದು, ಎರಡನೆಯದು ತಂದೆ ಸೀತಾರಾಮಯ್ಯನವರದು. ಮೈಸೂರಿನ ಮಹಾರಾಜ ಕಾಲೇಜು, ಆಮೇಲೆ ಪುಣೆ ಮತ್ತು ಬೆಳಗಾವಿಯಲ್ಲಿ ಕಾನೂನು. 1948ರಲ್ಲಿ ಮೈಸೂರು ಹೈಕೋರ್ಟಿನ ವಕೀಲರಾದರು. ಮುಂದೆ ಸರ್ಕಾರದ ಪರ ವಾದಿಸುವ ಕೆಲಸದಲ್ಲಿ ಮೇಲೆ ಬಂದು 1970ರ ಮಾರ್ಚಿನಲ್ಲಿ ಅಡ್ವೊಕೇಟ್ ಜನರಲ್, ಅದೇ ವರ್ಷ ಜೂನಿನಲ್ಲಿ ಹೈಕೋರ್ಟ್ ನ್ಯಾಯಮೂರ್ತಿ. 1979ರ ಮಾರ್ಚಿನಲ್ಲಿ ದಿಲ್ಲಿಗೆ ಹೋದರು. ನೇಮಕಗಳ ಪಟ್ಟಿ ಓದಿದರೆ ಸರ್ಕಾರಿ ನೌಕರರೊಬ್ಬರ ಸೇವಾ ಪುಸ್ತಕದ ಹಾಗಿದೆ, ಸುದ್ದಿ ಆಗುವಂಥದ್ದು ಏನೂ ಇಲ್ಲ. ಸುದ್ದಿ ಇರೋದು ತೀರ್ಪುಗಳಲ್ಲಿ.

ಅಲ್ಲಿಗೆ ಹೋಗುವ ಮೊದಲು, ಕೋರ್ಟುಗಳು ನಷ್ಟವನ್ನು ದುಡ್ಡಲ್ಲಿ ಹೇಗೆ ಅಳೆಯುತ್ತವೆ ಅನ್ನೋದನ್ನು ಸ್ವಲ್ಪ ನೋಡಬೇಕು. ಇಲ್ಲದಿದ್ದರೆ ಅವರು ಯಾವುದರ ಜೊತೆ ಗುದ್ದಾಡಿದರು ಅಂತ ಗೊತ್ತಾಗಲ್ಲ.

ಸುಲಭದ್ದು ಕರಾರಿನ ಲೆಕ್ಕ. ನಮ್ಮ ಕಡೆಯ ಕೊಬ್ಬರಿ ಅರಸೀಕೆರೆ, ತಿಪಟೂರಿನ ಮಂಡಿಗಳಿಗೆ ಹೋಗುತ್ತೆ. ವರ್ತಕನೊಬ್ಬ ಕ್ವಿಂಟಾಲಿಗೆ 10 ಸಾವಿರದಂತೆ 100 ಕ್ವಿಂಟಾಲ್ ಕೊಡ್ತೀನಿ ಅಂತ ಬರೆದುಕೊಟ್ಟ ಅಂದುಕೊಳ್ಳಿ. ಕೊಡಬೇಕಾದ ದಿನ ಮಾರುಕಟ್ಟೆ ದರ 12 ಸಾವಿರಕ್ಕೆ ಏರಿತು, ಆತ ಕೈ ಎತ್ತಿದ. ಕೊಳ್ಳಬೇಕಿದ್ದವನ ನಷ್ಟ ಕ್ವಿಂಟಾಲಿಗೆ 2 ಸಾವಿರ, ಒಟ್ಟು 2 ಲಕ್ಷ. 1872ರ ಕರಾರು ಕಾಯ್ದೆಯ 73ನೇ ಕಲಂ ಹೇಳೋದು ಸುಮಾರು ಇಷ್ಟೇ: ಕರಾರು ನಡೆದಿದ್ದರೆ ಆತ ಎಲ್ಲಿರುತ್ತಿದ್ದನೋ ಅಲ್ಲಿಗೆ ದುಡ್ಡಿನ ಮೂಲಕ ತಂದು ನಿಲ್ಲಿಸು. ಆದರೆ ಅದೇ ಕೊಬ್ಬರಿ ಮಾರಿ ಮಗಳ ಮದುವೆ ಮಾಡಬೇಕಿತ್ತು, ಮದುವೆ ನಿಂತಿತು, ಅದಕ್ಕೂ ಕೊಡಿ ಅಂದರೆ ಕೋರ್ಟು ಒಪ್ಪಲ್ಲ. ಅದು ದೂರದ ನಷ್ಟ. ಕರಾರು ಮಾಡುವಾಗ ಇಬ್ಬರಿಗೂ ಗೊತ್ತಿದ್ದ ಪರಿಣಾಮ ಮಾತ್ರ ಲೆಕ್ಕಕ್ಕೆ. ಈ ಗೆರೆ ಎಳೆದಿದ್ದು 1854ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರಿನ ಹಿಟ್ಟಿನ ಗಿರಣಿಯೊಂದರ ಮುರಿದ ಶಾಫ್ಟ್ ಸಾಗಿಸುವುದು ತಡವಾದ ಪ್ರಕರಣದಲ್ಲಿ. ತಪ್ಪಿದರೆ 10 ಲಕ್ಷ ದಂಡ ಅಂತ ಕರಾರಲ್ಲಿ ಬರೆಸಿಕೊಂಡಿದ್ದರೂ 74ನೇ ಕಲಂ ಪ್ರಕಾರ ಅದು ಗರಿಷ್ಠ ಮಿತಿ ಮಾತ್ರ, ಸಿಗೋದು ಅದರೊಳಗೆ ನ್ಯಾಯವಾದಷ್ಟು.

ಕರಾರೇ ಇಲ್ಲದೆ ಒಬ್ಬ ಇನ್ನೊಬ್ಬನಿಗೆ ಹಾನಿ ಮಾಡಿದರೆ ಅದು ಟಾರ್ಟ್. ಇಲ್ಲಿನ ಸೂತ್ರ, ಹಾನಿ ಆಗದೇ ಇದ್ದಿದ್ದರೆ ಎಲ್ಲಿರುತ್ತಿದ್ದನೋ ಅಲ್ಲಿಗೆ ತಂದು ನಿಲ್ಲಿಸು ಅಂತ. ಮುರಿದ ಬೈಕಿಗೆ ಸರಿ, ಮುರಿದ ಕಾಲಿಗೂ ಹೇಗೋ ಸರಿ. ಸತ್ತವನಿಗೆ? ಸತ್ತ ಹುಡುಗನಿಗೆ ಯಾವ ಮಂಡಿಯಲ್ಲೂ ದರ ಇಲ್ಲ.

ಹಳೇ ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ಕ್ರೂರವಾದ ಸುಲಭ ಉತ್ತರ ಇತ್ತು. ಮನುಷ್ಯ ಸತ್ತರೆ ಅವನ ದಾವೆಯೂ ಸತ್ತಿತು. ಅಂದರೆ ಗಾಯ ಮಾಡುವುದಕ್ಕಿಂತ ಕೊಂದುಬಿಡುವುದು ಅಗ್ಗ. ರೈಲು ಬಂದು ಸಾವುಗಳು ಹೆಚ್ಚಾದ ಮೇಲೆ 1846ರಲ್ಲಿ ಅಲ್ಲಿ ಕಾನೂನು ತಂದರು, 1855ರಲ್ಲಿ ಅದರ ಅಚ್ಚಿನಲ್ಲೇ ಇಲ್ಲಿಗೂ ಬಂತು. ಆ 1855ರ ಮಾರಕ ಅಪಘಾತಗಳ ಕಾಯ್ದೆಯಲ್ಲಿ ಪರಿಹಾರ ಕೇಳಬಹುದಾದವರು ಹೆಂಡತಿ, ಗಂಡ, ತಂದೆ ತಾಯಿ ಮತ್ತು ಮಕ್ಕಳು. ಅಣ್ಣ, ತಮ್ಮ, ಅಕ್ಕ, ತಂಗಿ ಇಲ್ಲ. ಲಂಡನ್ನಿನ ಸಣ್ಣ ಕುಟುಂಬದ ಚಿತ್ರ ಅದು. ನಮ್ಮ ಹಳ್ಳಿಯ ಒಂದೇ ಒಲೆಯ ಮನೆ ಆ ಚಿತ್ರದಲ್ಲಿ ಇರಲೇ ಇಲ್ಲ.

1987ರ ಮೇ ತಿಂಗಳಲ್ಲಿ ವೆಂಕಟರಾಮಯ್ಯನವರ ಮುಂದೆ ಬಂದಿದ್ದು ಇದೇ. ಗುಜರಾತ್ ರಾಜ್ಯ ಸಾರಿಗೆ ನಿಗಮದ ಪ್ರಕರಣ. ವಾಹನಕ್ಕೆ ಸಿಕ್ಕು ಸತ್ತವನ ಸಹೋದರರು ಪರಿಹಾರ ಕೇಳಿದ್ದರು. ನಿಗಮ 1855ರ ಪಟ್ಟಿ ತೋರಿಸಿ ಇವರು ಇದರಲ್ಲಿ ಇಲ್ಲ ಅಂದಿತು. ವೆಂಕಟರಾಮಯ್ಯ ಮೋಟಾರು ವಾಹನ ಕಾಯ್ದೆಯ ಪದಗಳನ್ನು ಹಿಡಿದರು. ಅದರಲ್ಲಿರುವುದು ಕಾನೂನುಬದ್ಧ ಪ್ರತಿನಿಧಿಗಳು ಅನ್ನುವ ಅಗಲವಾದ ಮಾತು. 1855ರ ಕಿರಿದಾದ ಪಟ್ಟಿಯನ್ನು ಈ ಅಗಲವಾದ ಮಾತಿನ ಮೇಲೆ ಹೇರುವ ಹಾಗಿಲ್ಲ ಅಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಮುಂದೆ ಹೋಗಿ, ಭಾರತದ ಮನೆಗಳಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಕೆಲವೊಮ್ಮೆ ಸಾಕಿಕೊಂಡ ಮಕ್ಕಳು ಕೂಡ ಒಟ್ಟಿಗೆ ಇರುತ್ತಾರೆ, ದುಡಿಯುವವನನ್ನೇ ನಂಬಿಕೊಂಡಿರುತ್ತಾರೆ ಅಂತ ಬರೆದರು. ದುಡಿಯುವವನು ಸತ್ತಾಗ ಅವರನ್ನು ಬರಿಗೈಲಿ ಕಳಿಸಲು ಕಾರಣವೇ ಇಲ್ಲ ಅನ್ನೋದು ಅವರ ನಿಲುವು.

ಇದನ್ನು ಓದಿದಾಗ ಇಂಗಲಗುಪ್ಪೆಯೇ ನೆನಪಾಯಿತು ಅಂತ ಬರೆದರೆ ಚೆನ್ನಾಗಿರುತ್ತೆ, ಆದರೆ ನಾನು ಆ ಊರು ನೋಡಿಲ್ಲ. ನೆನಪಾಗಿದ್ದು ಯಗಟಿಯ ಆ ಮನೆ. ಅಣ್ಣ ಕೋರ್ಟಿಗೆ ಕೊಟ್ಟ ದಾಖಲೆಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ರೇಷನ್ ಕಾರ್ಡು. ಇಬ್ಬರ ಹೆಸರೂ ಒಂದರಲ್ಲೇ ಇತ್ತು. ಹಕ್ಕು ಸಿಕ್ಕಿದ ಮಾತ್ರಕ್ಕೆ ಮೊತ್ತ ಸಿಗಲ್ಲ, ಅವಲಂಬನೆಯನ್ನು ತೋರಿಸಬೇಕು. ಅದನ್ನು ಆ ಕಾರ್ಡು ತೋರಿಸಿತು.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ವಕೀಲರು ಅದನ್ನು ಕಡಿಮೆ ಬಳಸುತ್ತಾರೆ. ಚಾಲಕನ ತಪ್ಪು ಸಾಬೀತಾದರೆ ಮಾತ್ರ ಮಾಲೀಕ ಕೊಡಬೇಕು ಅಂತ 1977ರಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಹೇಳಿತ್ತು. ವೆಂಕಟರಾಮಯ್ಯನವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ತನ್ನ ಪಾಡಿಗೆ ರಸ್ತೆಯಲ್ಲಿ ನಡೆಯುತ್ತಿದ್ದವನಿಗೆ ಗಾಡಿ ಗುದ್ದಿದರೆ, ತಪ್ಪು ಯಾರದು ಅಂತ ಸತ್ತವನ ಮನೆಯವರು ಸಾಬೀತು ಮಾಡುತ್ತಾ ಕೂರಬೇಕಾ? ವೇಗದ ಗಾಡಿಗಳು ರಸ್ತೆ ತುಂಬಿರುವ ಕಾಲದಲ್ಲಿ ಅಂಥವನಿಗೆ ತಪ್ಪಿನ ಪ್ರಶ್ನೆ ಇಲ್ಲದೆಯೇ ಪರಿಹಾರ ಸಿಗಬೇಕು, ಅದು ಸಾಮಾಜಿಕ ನ್ಯಾಯದ ವಿಷಯ ಅನ್ನುವ ಕಡೆಗೆ ಅವರು ವಾಲಿದರು. ಅದು ಕಾನೂನಾಗಿ ನಿಲ್ಲಲಿಲ್ಲ, ಅಭಿಪ್ರಾಯವಾಗಿ ಉಳಿಯಿತು. ಸರ್ಕಾರದ ಪರ ವಾದಿಸಿ ಬೆಳೆದ ವಕೀಲರೊಬ್ಬರು ಸರ್ಕಾರಿ ಬಸ್ಸಿನ ವಿರುದ್ಧ ಇಷ್ಟು ದೂರ ಹೋದದ್ದು ನನಗೆ ಇಷ್ಟವಾಗುವ ಸಂಗತಿ.

ಆ ಹೊತ್ತಿಗೆ ತಪ್ಪಿನ ಪ್ರಶ್ನೆ ಕೇಳದೆ ಕೊಡುವ ಒಂದು ಕನಿಷ್ಠ ಮೊತ್ತ ಕಾನೂನಿನಲ್ಲಿ ಇದ್ದೇ ಇತ್ತು. 1982ರ ತಿದ್ದುಪಡಿ ತಂದದ್ದು. ಸಾವಿಗೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500. 1987ರ ಸೆಪ್ಟೆಂಬರ್ 11ರಂದು, ಕೇರಳದಿಂದ ಬಂದ ಕುಞಿಮೊಹಮ್ಮದ್ ಪ್ರಕರಣದಲ್ಲಿ, ವೆಂಕಟರಾಮಯ್ಯ ಈ ಮೊತ್ತಗಳು ವಾಸ್ತವಕ್ಕೆ ದೂರ ಅಂತ ಬರೆದರು. ಹಣದುಬ್ಬರದಲ್ಲಿ ರೂಪಾಯಿ ಕರಗಿದೆ, ಏರಿಸಿ ಅಂತ ಸಂಸತ್ತಿಗೆ ಸಲಹೆ ಕೊಟ್ಟರು. ಬಸ್ಸಾದರೆ ಇಷ್ಟು, ಕಾರಾದರೆ ಅಷ್ಟು ಅಂತ ಗಾಡಿಯ ಜಾತಿ ನೋಡಿ ವಿಮಾ ಹೊಣೆ ಬದಲಾಗುವುದನ್ನೂ ತೆಗೆಯಿರಿ ಅಂದರು. ಇಂಥ ಸಲಹೆಗಳು ಸಾಮಾನ್ಯವಾಗಿ ತೀರ್ಪಿನ ಕೊನೆಯಲ್ಲಿ ಧೂಳು ಹಿಡಿಯುತ್ತವೆ. ಇದು ಹಿಡಿಯಲಿಲ್ಲ. 1988ರ ಹೊಸ ಮೋಟಾರು ವಾಹನ ಕಾಯ್ದೆಯ ಉದ್ದೇಶಗಳ ಹೇಳಿಕೆಯಲ್ಲೇ ಈ ಪ್ರಕರಣದ ಹೆಸರಿದೆ, ಅದರ ಸಲಹೆಗಳನ್ನು ಸೇರಿಸಿದ್ದೇವೆ ಅಂತ ಇದೆ. ಸಾವಿಗೆ 25,000, ಅಂಗವೈಕಲ್ಯಕ್ಕೆ 12,000 ಆಯಿತು. 1994ರಲ್ಲಿ 50,000 ಮತ್ತು 25,000. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ, ತಪ್ಪು ಸಾಬೀತು ಮಾಡದೆ ಸಿಗುವುದು ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ. ಅದೇ ತಿದ್ದುಪಡಿ ಅರ್ಜಿ ಹಾಕಲು ಆರು ತಿಂಗಳ ಗಡುವನ್ನೂ ಹಾಕಿದೆ. ಅದು ಸಿಂಧುವೇ ಅನ್ನೋದು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ, ಆದರೂ ಮನೆಯಲ್ಲಿ ಯಾರಿಗಾದರೂ ಹೀಗಾದರೆ ತಿಥಿ ಮುಗೀಲಿ ಅಂತ ತಡ ಮಾಡಬೇಡಿ.

ಈ ಎರಡು ತೀರ್ಪು ಮಾತ್ರ ನೋಡಿ ಅವರನ್ನು ಅಪಘಾತ ಪರಿಹಾರದ ನ್ಯಾಯಮೂರ್ತಿ ಅಂತ ಅಂದುಕೊಂಡರೆ ತಪ್ಪಾಗುತ್ತೆ. ಪತ್ರಿಕೆಗಳ ಕಾಗದದ ಮೇಲೆ ಸರ್ಕಾರ ಹಾಕಿದ ಆಮದು ಸುಂಕವನ್ನು ಇಂಡಿಯನ್ ಎಕ್ಸ್‌ಪ್ರೆಸ್ ಪ್ರಶ್ನಿಸಿದಾಗ, 1984ರ ಡಿಸೆಂಬರಿನಲ್ಲಿ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಈಗಲೂ ಉಲ್ಲೇಖಿಸುವ ತೀರ್ಪು ಬರೆದವರು ಅವರೇ. ಕುಞಿಮೊಹಮ್ಮದ್ ತೀರ್ಪು ಬಂದ ಅದೇ ಸೆಪ್ಟೆಂಬರಿನಲ್ಲಿ ಕಾನ್ಪುರದ ಚರ್ಮದ ಕಾರ್ಖಾನೆಗಳ ಪ್ರಕರಣವೂ ಬಂತು. ಗಂಗೆಗೆ ಬಿಡುವ ಕೊಳೆ ನೀರನ್ನು ಶುದ್ಧ ಮಾಡುವಷ್ಟು ದುಡ್ಡಿಲ್ಲ ಅಂದ ಕಾರ್ಖಾನೆಗಳನ್ನು ಅವರು ಕನಿಷ್ಠ ಕೂಲಿ ಕೊಡಲಾಗದ ಕಾರ್ಖಾನೆಗೆ ಹೋಲಿಸಿದರು. ಕೂಲಿ ಕೊಡಲಾಗದಿದ್ದರೆ ಹೇಗೆ ನಡೆಸುವ ಹಾಗಿಲ್ಲವೋ ಹಾಗೇ ಇದೂ, ಮುಚ್ಚಿ. ಉದ್ಯಮ ಮಾಡುವ ಹಾನಿಯ ಖರ್ಚು ಉದ್ಯಮದ್ದೇ, ನದಿಯದ್ದಲ್ಲ. ನನಗೆ ಇದು ಪರಿಹಾರದ ತೀರ್ಪುಗಳ ಒಡಹುಟ್ಟಿದ್ದು ಅನ್ನಿಸುತ್ತೆ. ಹಾನಿಯ ಬೆಲೆಯನ್ನು ಅದನ್ನು ಅನುಭವಿಸಿದವನ ತಲೆಗೆ ಕಟ್ಟಬಾರದು ಅನ್ನುವ ಒಂದೇ ಹಟ ಎರಡರಲ್ಲೂ ಇದೆ.

ಹಾಗಿದ್ದರೆ ಭೋಪಾಲ?

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. 1985ರಲ್ಲಿ ಕಾನೂನು ಮಾಡಿ ಎಲ್ಲ ಸಂತ್ರಸ್ತರ ಪರ ದಾವೆ ಹೂಡುವ ಹಕ್ಕನ್ನು ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಅಮೆರಿಕದ ಕೋರ್ಟು ನಿಮ್ಮ ದೇಶದಲ್ಲೇ ನೋಡಿಕೊಳ್ಳಿ ಅಂದಿತು. ಭೋಪಾಲದ ಜಿಲ್ಲಾ ನ್ಯಾಯಾಲಯ 1987ರ ಡಿಸೆಂಬರಿನಲ್ಲಿ 350 ಕೋಟಿ ಮಧ್ಯಂತರ ಪರಿಹಾರ ಕೊಡಿ ಅಂದಿತು, ಹೈಕೋರ್ಟು ಅದನ್ನು 250 ಕೋಟಿಗೆ ಇಳಿಸಿತು. ಸುಪ್ರೀಂ ಕೋರ್ಟಿಗೆ ಬಂದಿದ್ದು ಈ ಮಧ್ಯಂತರ ಮೊತ್ತದ ಜಗಳ. ಅಷ್ಟರಲ್ಲಿ 1989ರ ಫೆಬ್ರವರಿ 14ರಂದು ಐವರ ಪೀಠ ಇಡೀ ವ್ಯಾಜ್ಯವನ್ನೇ ರಾಜಿಯಲ್ಲಿ ಮುಗಿಸಿತು. ಭಾರತ ಕೇಳಿದ್ದು 330 ಕೋಟಿ ಡಾಲರ್, ಒಪ್ಪಿದ್ದು 47 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 715 ಕೋಟಿ ರೂಪಾಯಿ. ಪೀಠದಲ್ಲಿದ್ದವರು ಮುಖ್ಯ ನ್ಯಾಯಮೂರ್ತಿ ಆರ್.ಎಸ್. ಪಾಠಕ್, ಅವರ ಪಕ್ಕದಲ್ಲಿ ವೆಂಕಟರಾಮಯ್ಯ, ನಂತರ ರಂಗನಾಥ ಮಿಶ್ರ, ನಮ್ಮವರೇ ಆದ ಎಂ.ಎನ್. ವೆಂಕಟಾಚಲಯ್ಯ ಮತ್ತು ಎನ್.ಡಿ. ಓಝಾ.

ದೇಶದ ತುಂಬಾ ಗಲಾಟೆ ಆದ ಮೇಲೆ ಮೇ 4ರಂದು ಪೀಠ ತನ್ನ ಕಾರಣಗಳನ್ನು ಕೊಟ್ಟಿತು. ಇಂಜಿನಿಯರನ ಕೆಟ್ಟ ಚಟ, ನಾನು ಅದನ್ನು ಎಸ್ಟಿಮೇಟ್ ಓದುವ ಹಾಗೆ ಓದಿದೆ. ಸತ್ತವರು ಸುಮಾರು 3,000, ತಲಾ 1ರಿಂದ 3 ಲಕ್ಷ, ಒಟ್ಟು 70 ಕೋಟಿ. ಶಾಶ್ವತ ಅಂಗವೈಕಲ್ಯದ 30,000 ಮಂದಿಗೆ 250 ಕೋಟಿ. ತಾತ್ಕಾಲಿಕ ಅಂಗವೈಕಲ್ಯದ 20,000 ಮಂದಿಗೆ 100 ಕೋಟಿ. ಅತಿ ತೀವ್ರ ಗಾಯದ 2,000 ಮಂದಿಗೆ 80 ಕೋಟಿ. ವೈದ್ಯಕೀಯ ಸೌಲಭ್ಯಕ್ಕೆ 25 ಕೋಟಿ. ಸಣ್ಣ ಗಾಯ, ಸತ್ತ ದನಕರು, ಹಾಳಾದ ಆಸ್ತಿಗೆ 225 ಕೋಟಿ. ಕೂಡಿದರೆ 750 ಕೋಟಿ, ರಾಜಿಯ ಮೊತ್ತದ ಹತ್ತಿರ ಹತ್ತಿರ. ಸಾವಿಗೆ ಇಟ್ಟ ಮೊತ್ತ ಮೋಟಾರು ಅಪಘಾತಗಳಲ್ಲಿ ಕೊಡುವುದರ ಸುಮಾರು ಮೂರು ಪಟ್ಟು ಅನ್ನುವ ಸಮರ್ಥನೆಯೂ ಅಲ್ಲಿದೆ.

ಈ ಸಮರ್ಥನೆ ಓದಿ ಪುಸ್ತಕ ಮುಚ್ಚಿಟ್ಟೆ. ಮೋಟಾರು ಅಪಘಾತದ ಅಳತೆಗೋಲು ಎಷ್ಟು ಗಿಡ್ಡ ಅಂತ ಒಂದೂವರೆ ವರ್ಷದ ಹಿಂದೆ ಬರೆದಿದ್ದವರು ಆ ಪೀಠದಲ್ಲೇ ಕೂತಿದ್ದರು. ಗಿಡ್ಡ ಕೋಲನ್ನು ಮೂರು ಸಲ ಇಟ್ಟರೂ ಅದು ಗಿಡ್ಡ ಕೋಲೇ. ಇನ್ನೊಂದು ಅಳತೆಯೂ ಕೈಗೆಟುಕುವಂತಿತ್ತು. ದಿಲ್ಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆ ಪ್ರಕರಣದಲ್ಲಿ, 1986ರ ಡಿಸೆಂಬರಿನಲ್ಲಿ, ಅಪಾಯಕಾರಿ ಉದ್ಯಮ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಿರಬೇಕು ಅಂತ ಇದೇ ಕೋರ್ಟು ಹೇಳಿತ್ತು. ಭೋಪಾಲದಲ್ಲಿ ಆ ಕೋಲನ್ನು ಹೊರಗೆ ತೆಗೆಯಲೇ ಇಲ್ಲ.

ಎಣಿಕೆಯೂ ತಪ್ಪಿತ್ತು. ಮುಂದಿನ ವರ್ಷಗಳಲ್ಲಿ ಪರಿಹಾರಕ್ಕೆ ಅರ್ಹರಾದವರ ಸಂಖ್ಯೆ 5 ಲಕ್ಷ 70 ಸಾವಿರ ದಾಟಿತು, ಪರಿಹಾರ ಸಿಕ್ಕ ಸಾವುಗಳೇ 5 ಸಾವಿರ ಮೀರಿದವು. 715 ಕೋಟಿಯನ್ನು 5.7 ಲಕ್ಷದಿಂದ ಭಾಗಿಸಿ ನೋಡಿ. ತಲೆಗೆ ಸುಮಾರು 12,500 ರೂಪಾಯಿ. ಇದು ಸರಾಸರಿ ಮಾತ್ರ, ಸಣ್ಣ ಗಾಯದವರೂ ಇದರಲ್ಲಿ ಇದ್ದಾರೆ, ಬ್ಯಾಂಕಿನಲ್ಲಿ ಉಳಿದ ಹಣ ಬಡ್ಡಿ ಸೇರಿ ಬೆಳೆದು 2004ರ ನಂತರ ಇನ್ನೊಂದು ಕಂತೂ ಹಂಚಿಕೆಯಾಯಿತು, ಇದೆಲ್ಲ ಒಪ್ಪುತ್ತೇನೆ. ಆದರೂ ಆ ಸರಾಸರಿ, ವೆಂಕಟರಾಮಯ್ಯ ಸ್ವತಃ ಸಾಲದು ಅಂದಿದ್ದ 15,000ಕ್ಕಿಂತ ಕೆಳಗಿದೆ.

ನಷ್ಟವನ್ನು ಅಳೆಯುವುದಕ್ಕೂ ರಾಜಿ ಮಾಡುವುದಕ್ಕೂ ವ್ಯತ್ಯಾಸ ಇದೆ. ಅಳೆಯುವಾಗ ಒಬ್ಬೊಬ್ಬರಿಂದ ಶುರು ಮಾಡಿ ಮೊತ್ತಕ್ಕೆ ಬರಬೇಕು. ಭೋಪಾಲದಲ್ಲಿ ಮೊತ್ತದಿಂದ ಶುರು ಮಾಡಿ ಜನರ ಕಡೆಗೆ ಇಳಿದರು. ನಾಲ್ಕು ವರ್ಷ ಕಳೆದರೂ ಸಂತ್ರಸ್ತರಿಗೆ ಕಂಪನಿಯಿಂದ ಪರಿಹಾರ ಮುಟ್ಟಿಲ್ಲ, ಅಮೆರಿಕದ ಕಂಪನಿಯಿಂದ ಡಿಕ್ರಿ ಹಣ ವಸೂಲಿ ಮಾಡುವಷ್ಟರಲ್ಲಿ ಇನ್ನಷ್ಟು ಜನ ಸಾಯುತ್ತಾರೆ ಅನ್ನುವ ಪೀಠದ ಆತಂಕ ಸುಳ್ಳಲ್ಲ. ಅದನ್ನು ತಳ್ಳಿಹಾಕುವವರು ಕಡೂರಿನ ಕೋರ್ಟಿನಲ್ಲಿ ಎರಡು ವರ್ಷ ಕಾದವರ ಮುಖ ನೋಡಿಲ್ಲ. ಆದರೆ ಆ ಆತಂಕಕ್ಕೆ ಮಧ್ಯಂತರ ಪರಿಹಾರವೇ ಮದ್ದು, ಆ ಅರ್ಜಿಯೇ ಅವರ ಮೇಜಿನ ಮೇಲಿತ್ತು. ಕ್ರಿಮಿನಲ್ ಮೊಕದ್ದಮೆಗಳನ್ನೂ ಸೇರಿಸಿ ರದ್ದು ಮಾಡಿದ್ದಕ್ಕಂತೂ ಯಾವ ಸಮರ್ಥನೆಯೂ ನಿಲ್ಲಲ್ಲ. 1991ರಲ್ಲಿ ಮರುಪರಿಶೀಲನೆ ನಡೆದಾಗ ಆ ಭಾಗವನ್ನು ಕೋರ್ಟೇ ತೆಗೆದುಹಾಕಿತು, ಮೊತ್ತ ಮಾತ್ರ ಹಾಗೇ ಉಳಿಯಿತು. ಹೆಚ್ಚು ಕೊಡಿಸಿ ಅನ್ನುವ ಕೊನೆಯ ಪ್ರಯತ್ನವೂ 2023ರ ಮಾರ್ಚಿನಲ್ಲಿ ಬಿದ್ದುಹೋಯಿತು. ವೆಂಕಟರಾಮಯ್ಯನವರ ಪ್ರತ್ಯೇಕ ಮಾತು ಭೋಪಾಲದ ಆದೇಶದಲ್ಲಿ ಇಲ್ಲ. ಒಪ್ಪಿಗೆ ಇದೆ.

ರಾಜಿಯಾದ ನಾಲ್ಕು ತಿಂಗಳಿಗೆ ಪಾಠಕ್ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು, ಜೂನ್ 19ರಂದು ವೆಂಕಟರಾಮಯ್ಯ ಮುಖ್ಯ ನ್ಯಾಯಮೂರ್ತಿಯಾದರು. ಆರು ತಿಂಗಳ ಅವಧಿ. ಡಿಸೆಂಬರ್ 17ಕ್ಕೆ ನಿವೃತ್ತಿ. ಹೊರಡುವ ಹೊತ್ತಿನಲ್ಲಿ ಪತ್ರಕರ್ತ ಕುಲದೀಪ್ ನಯ್ಯರ್ ಅವರಿಗೆ ಕೊಟ್ಟ ಸಂದರ್ಶನದಲ್ಲಿ ನ್ಯಾಯಾಂಗದ ಮಟ್ಟ ಇಳಿದಿದೆ, ಪಾರ್ಟಿಗಳಿಗೂ ಬಾಟಲಿಗಳಿಗೂ ಮರುಳಾಗುವ ನ್ಯಾಯಮೂರ್ತಿಗಳು ಇದ್ದಾರೆ ಅನ್ನುವ ಅರ್ಥದ ಮಾತಾಡಿದರು. ಇದು ನ್ಯಾಯಾಂಗ ನಿಂದನೆ ಅಂತ ಅವರ ಮೇಲೇ ಅರ್ಜಿ ಬಿತ್ತು. ನಿನ್ನೆ ತನಕ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದವರ ಮೇಲೆ! ಬಾಂಬೆ ಹೈಕೋರ್ಟ್ ಅದನ್ನು ವಜಾ ಮಾಡಿತು. 1997ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಮಗಳು 2021ರಲ್ಲಿ ಸುಪ್ರೀಂ ಕೋರ್ಟಿಗೆ ಬಂದದ್ದನ್ನು ಅವರು ನೋಡಲಿಲ್ಲ, ಹೈಕೋರ್ಟಿಗೆ ಬಂದದ್ದನ್ನೂ ನೋಡಲಿಲ್ಲ.

ನೋಡದೆ ಉಳಿದದ್ದು ಇನ್ನೊಂದಿದೆ. ಅವರ ಕಾಲದಲ್ಲಿ ಸಾವಿನ ಪರಿಹಾರ ನ್ಯಾಯಾಧೀಶರ ಅಂದಾಜಿಗೆ ಬಿಟ್ಟದ್ದು. ಒಂದೇ ಥರದ ಸಾವಿಗೆ ಒಂದು ಕೋರ್ಟಲ್ಲಿ ಒಂದು ಮೊತ್ತ, ಪಕ್ಕದ ಕೋರ್ಟಲ್ಲಿ ಇನ್ನೊಂದು. ಅದಕ್ಕೆ ಗುಣಕದ ಪದ್ಧತಿಯನ್ನು ಗಟ್ಟಿ ಮಾಡಿದ್ದು 1990ರ ದಶಕದಲ್ಲಿ ಕೇರಳ ಸಾರಿಗೆ ನಿಗಮದ ಪ್ರಕರಣದಲ್ಲಿ ವೆಂಕಟಾಚಲಯ್ಯ. ಪದ್ಧತಿ ಮೂಲತಃ ಇಂಗ್ಲೆಂಡಿನದು, ಕಲ್ಲಿದ್ದಲು ಗಣಿಯಲ್ಲಿ ಸತ್ತವರ 1942ರ ಪ್ರಕರಣವೊಂದರಿಂದ ಬಂದದ್ದು. ಅದಕ್ಕೆ ಕೋಷ್ಟಕ ಬರೆದುಕೊಟ್ಟಿದ್ದು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಆರ್.ವಿ. ರವೀಂದ್ರನ್. ಮೂವರೂ ಕರ್ನಾಟಕ ಹೈಕೋರ್ಟಿನಿಂದ ಹೋದವರು. ಯಾರು ಕೇಳಬಹುದು ಅಂತ ಒಬ್ಬರು, ಹೇಗೆ ಎಣಿಸಬೇಕು ಅಂತ ಇನ್ನಿಬ್ಬರು. ಕಾಯಂ ನೌಕರಿ ಇಲ್ಲದವರಿಗೂ ಮುಂದಿನ ಗಳಿಕೆಯ ಅಂದಾಜನ್ನು ಅದಕ್ಕೆ ಸೇರಿಸುವುದನ್ನು 2017ರ ಪ್ರಣಯ್ ಸೇಥಿ ತೀರ್ಪು ಗಟ್ಟಿ ಮಾಡಿತು.

ಯಗಟಿಯಲ್ಲಿ ನನ್ನ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಇದೇ ಲೆಕ್ಕ. ನಿಜವಾದ ಅಂಕಿ ಆ ಮನೆಯದು, ಇಲ್ಲಿ ಹೇಳಲ್ಲ. ಸುಲಭಕ್ಕೆ ತಿಂಗಳ ಗಳಿಕೆ 10,000 ಅಂತ ಇಟ್ಟುಕೊಳ್ಳೋಣ. ಸಂಬಳದ ಚೀಟಿ ಇಲ್ಲದ ಟ್ರ್ಯಾಕ್ಟರ್ ಚಾಲಕನಿಗೆ ಕೋರ್ಟು ಆದಾಯವನ್ನು ಊಹಿಸಿಯೇ ಇಡೋದು. ವಯಸ್ಸು 40ರೊಳಗೆ, ಕಾಯಂ ನೌಕರಿ ಅಲ್ಲ, ಹಾಗಾಗಿ ಮುಂದಿನ ಏರಿಕೆಗೆ ಶೇ 40 ಸೇರಿಸಿ, 14,000. ವರ್ಷಕ್ಕೆ 1,68,000. ಅವಿವಾಹಿತ, ಆದ್ದರಿಂದ ಅರ್ಧ ಅವನ ಸ್ವಂತ ಖರ್ಚಿಗೆ ಹೋಗುತ್ತಿತ್ತು ಅಂತ ಕಳೆಯಿರಿ, ಉಳಿದದ್ದು 84,000. 24ನೇ ವಯಸ್ಸಿಗೆ ಗುಣಕ 18. ಗುಣಿಸಿದರೆ 15,12,000. ಅದರ ಮೇಲೆ ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟ ಅಂತ 15,000.

ಲೆಕ್ಕ ಸರಿ ಇದೆ ಅಂತ ಹೇಳಿದೆ. ಅಣ್ಣ ಚೀಟಿ ತಗೊಳ್ಳಲಿಲ್ಲ. ಅರ್ಧ ಕಳೆದಿರೋದು ಯಾಕೆ ಅಂತ ಕೇಳಿದರು. ಮದುವೆ ಆಗದ ಹುಡುಗರು ಅರ್ಧ ದುಡ್ಡು ತಮಗೇ ಖರ್ಚು ಮಾಡಿಕೊಳ್ಳುತ್ತಾರೆ ಅಂತ ಕೋರ್ಟು ಹಿಡಿಯುತ್ತೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನು ವರ್ಷಕ್ಕೆ ಎರಡು ಜೊತೆ ಬಟ್ಟೆ ತಗೊಳ್ತಿದ್ದ, ಉಳಿದದ್ದೆಲ್ಲ ಅತ್ತಿಗೆ ಕೈಗೆ ಕೊಡ್ತಿದ್ದ, ಅರ್ಧ ಯಾವತ್ತೂ ಇಟ್ಟುಕೊಂಡಿಲ್ಲ ಅಂದರು. ತಮ್ಮನ ಮೇಲೆ ಬರೆದ ಸುಳ್ಳು ಅನ್ನುವ ಹಾಗೆ ಆ ಸಾಲಿನ ಮೇಲೆ ಬೆರಳಿಟ್ಟಿದ್ದರು.

ದೊಡ್ಡ ಸಂಸಾರ ಅವನನ್ನೇ ನಂಬಿತ್ತು ಅಂತ ತೋರಿಸಿದರೆ ಅರ್ಧದ ಬದಲು ಮೂರನೇ ಒಂದು ಭಾಗ ಮಾತ್ರ ಕಳೆಯಲು ಸರಳಾ ವರ್ಮಾ ತೀರ್ಪಿನಲ್ಲೇ ದಾರಿ ಇದೆ. ಚೀಟಿಯ ಹಿಂದೆ ಅದನ್ನೂ ಬರೆದು ತೋರಿಸಿದೆ. ಮೇಲಿನ ಅಂಕಿಯಲ್ಲೇ ಹೇಳುವುದಾದರೆ 20,16,000, ಅಂದರೆ 5,04,000 ಹೆಚ್ಚು. ಅದಕ್ಕೆ ಬೆಂಗಳೂರಿನಲ್ಲಿ ಮೇಲ್ಮನವಿ ಹಾಕಬೇಕು, ಇನ್ನಷ್ಟು ವರ್ಷ ಆಗಬಹುದು ಅಂತ ವಕೀಲರು ಹೇಳಿದ್ದರಂತೆ. ಅವರು ಹಾಕಲಿಲ್ಲ. ಬಂದ ಹಣದಲ್ಲಿ ಒಂದು ಭಾಗವನ್ನು ಕೋರ್ಟು ಬ್ಯಾಂಕಿನಲ್ಲಿ ಠೇವಣಿ ಇಡಿಸಿತು, ಉಳಿದದ್ದರಲ್ಲಿ ಕೈಸಾಲ ತೀರಿಸಿ ಹೊಸ ಬೋರ್ ಕೊರೆಸಿದರು. ಆ ಮೋಟರ್ ಸುಟ್ಟಾಗಲೂ ನನಗೇ ಫೋನ್ ಬಂತು.